ಜಯದೇವಿಯ ಹೆಸರಿನಲ್ಲಿದ್ದ ಪಟ್ಟಿ

ಜಯದೇವಿಯ ಶ್ರದ್ಧಾಂಜಲಿ ಸಭೆಯಲ್ಲಿ ಜನ ನಕ್ಕರು. ದೇವಸ್ಥಾನದ ಹಾಲ್‌ನಲ್ಲಿ ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ವೆಸ್ಟ್ ಬ್ಲೂಮ್‌ಫೀಲ್ಡ್‌ನ ಪದ್ಮ ಮೈಕ್ ಹಿಡಿದು ಹೇಳಿದರು: "ಪಾಪ, ಅವರಿಗೆ ಮಕ್ಕಳ ಆಸೆ ಎಷ್ಟಿತ್ತು ಅಂದ್ರೆ, ಐವತ್ತೊಂದನೇ ವಯಸ್ಸಲ್ಲಿ ಅಂಗಡೀಲಿ ತಮ್ಮ ಹೆಸರಲ್ಲೇ ಬೇಬಿ ರಿಜಿಸ್ಟ್ರಿ ಮಾಡಿಸಿದ್ರು, ತೊಟ್ಟಿಲು ಗಾಡಿ ಎಲ್ಲ ಬರೆಸಿ." ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಉಳಿದವರಿಗೂ ಧೈರ್ಯ ಬಂತು. ಪದ್ಮ ಕಣ್ಣೊರೆಸಿಕೊಂಡು, "ಅಷ್ಟು ಮುಗ್ಧೆ" ಎಂದು ಮುಗಿಸಿದರು.

ನಾನು ಎರಡನೇ ಸಾಲಿನಲ್ಲಿ ಮಗಳು ಮಾನ್ಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಎದ್ದು ನಿಲ್ಲಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಯದೇವಿಗೆ ನೂರು ಗುಣಗಳಿದ್ದಿರಬಹುದು, ಮುಗ್ಧತೆ ಅವುಗಳಲ್ಲಿ ಒಂದಲ್ಲ. ಗದಗಿನವಳು. ಗಂಡನ ಜೊತೆ ಎಂಬತ್ತಾರರಲ್ಲಿ ಮಿಶಿಗನ್‌ಗೆ ಬಂದಳು, ತೊಂಬತ್ತೊಂಬತ್ತರಲ್ಲಿ ಅವನನ್ನು ಕಳೆದುಕೊಂಡಳು, ಊರಿಗೆ ವಾಪಸ್ ಹೋಗಲಿಲ್ಲ. ಸೌತ್‌ಫೀಲ್ಡ್‌ನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ. ಬೆಳಿಗ್ಗೆ ಐದಕ್ಕೆ ಡ್ಯೂಟಿ, ಮಧ್ಯಾಹ್ನ ಒಂದಕ್ಕೆ ಬಿಡುಗಡೆ. ಶನಿವಾರ ದೇವಸ್ಥಾನದ ಬೇಸ್‌ಮೆಂಟಿನಲ್ಲಿ ನಮ್ಮ ಕನ್ನಡ ಕೂಟದ ಮಕ್ಕಳಿಗೆ ಕನ್ನಡ ಪಾಠ. ಅವಳು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳಿಗೆ ಒಂಬತ್ತು ವರ್ಷ ಅ ಆ ಇ ಈ ತಿದ್ದಿಸಿದಳು. ನನಗಿಂತ ಹದಿನೆಂಟು ವರ್ಷ ದೊಡ್ಡವಳು. ಆದರೂ ಏಕವಚನದಲ್ಲೇ ಕರೆಯುತ್ತಿದ್ದೆ. ಬಹುವಚನ ಬಳಸಿದರೆ, "ಯಾರು ಬಂದಾರ, ನನ್ನ ಹಿಂದ?" ಎಂದು ತಿರುಗಿ ನೋಡುತ್ತಿದ್ದಳು.

ನನಗೆ ಅವಳ ಪರಿಚಯವಾದದ್ದು ಆಸ್ಪತ್ರೆಯ ಮಂಚದ ಮೇಲೆ. ಎರಡು ಸಾವಿರದ ಏಳರಲ್ಲಿ, ಏಳನೇ ತಿಂಗಳಿನಲ್ಲಿ ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಮರುದಿನ ಬೆಳಿಗ್ಗೆ ಟ್ರೇ ಹಿಡಿದು ಬಂದ ಹೆಂಗಸು ಮಣಿಕಟ್ಟಿನ ಪಟ್ಟಿಯಲ್ಲಿ ನನ್ನ ಹೆಸರು ಓದಿ, "ಕನ್ನಡದಾಕಿ ಏನವಾ?" ಅಂದಳು. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ಸಮಾಧಾನದ ಒಂದು ಮಾತೂ ಆಡಲಿಲ್ಲ. ಒಂದು ಗಂಟೆಗೆ ಕೆಲಸ ಮುಗಿಸಿ ಮತ್ತೆ ಬಂದು ಕುರ್ಚಿ ಎಳೆದುಕೊಂಡು ಕುಳಿತಳು, ಅಷ್ಟೆ.

ಆ ಮೊದಲ ಸಲದ ಸೀಮಂತ ಪದ್ಮ ಅವರ ಮನೆಯಲ್ಲೇ ಆಗಿತ್ತು. ರಿಜಿಸ್ಟ್ರಿಯೂ ಅವರದೇ ಆಯ್ಕೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹುಟ್ಟಲಿರುವ ಮಗುವಿಗೆ ಬೇಕಾದ ಸಾಮಾನಿನ ಪಟ್ಟಿಯನ್ನು ತಾಯಿ ಯಾವುದಾದರೂ ಒಂದು ಅಂಗಡಿಯಲ್ಲಿ ಬರೆಸಿಡುತ್ತಾಳೆ, ನೆಂಟರು ಅದನ್ನು ನೋಡಿ ಉಡುಗೊರೆ ಕೊಳ್ಳುತ್ತಾರೆ. ಅಮೆರಿಕನ್ನರಿಗೆ ಇದು ಅನುಕೂಲ. ನಮ್ಮ ಕೂಟಕ್ಕೆ ಜಾತಕ. ಯಾವ ಅಂಗಡಿ ಎಂಬುದರ ಮೇಲೆ ಗಂಡನ ಕೆಲಸ, ಮನೆಯಿರುವ ಸಬ್‌ಡಿವಿಷನ್ನು, ಕಾರು ಎಲ್ಲವನ್ನೂ ಹೇಳಿಬಿಡುತ್ತಾರೆ. ಪದ್ಮ ನನ್ನನ್ನು ಮಾಲಿನ ಅತಿ ದೊಡ್ಡ ಅಂಗಡಿಗೆ ಕರೆದೊಯ್ದು, "ಇಲ್ಲಿ ಮಾಡಿಸಿದ್ರೆ ನಿಮಗೊಂದು ಸ್ಟ್ಯಾಂಡರ್ಡ್" ಅಂದರು. ತೊಟ್ಟಿಲು, ಗಾಡಿ, ಕೂಸಿನ ಕಾರ್ ಸೀಟು ಎಲ್ಲ ಮೊದಲೇ ಮನೆಗೆ ಬಂದವು. ಮಗು ಹೋದ ಮೇಲೆ ಅದೇ ಹೆಂಗಸರು, "ಹುಟ್ಟೋಕೆ ಮುಂಚೆ ಸಾಮಾನು ತರಬಾರ್ದು ಅಂತ ನಮ್ಮಲ್ಲಿ ಹೇಳ್ತಾರೆ, ಇವಳಿಗೆ ಅವಸರ" ಎಂದು ಮಾತಾಡಿಕೊಂಡರು. ತಂದವರು ಅವರೇ. ಆ ಸಾಮಾನನ್ನೆಲ್ಲ ದಾನ ಕೊಟ್ಟುಬಿಟ್ಟೆ. ಇನ್ನು ಅಂಗಡಿ, ಹೆರಿಗೆಯ ದಿನವೆಂದು ನಾನು ಬರೆಸಿದ್ದ ತಾರೀಖಿಗೆ ಸರಿಯಾಗಿ ಒಂದು ಡಬ್ಬ ಹಾಲಿನ ಪುಡಿ ಕಳಿಸಿತು. ಮೇಲೆ ಗುಲಾಬಿ ಅಕ್ಷರದಲ್ಲಿ ಸ್ವಾಗತ. ಫೋನ್ ಮಾಡಿ ನಿಲ್ಲಿಸಿ ಎಂದೆ. ಇನ್ನೊಂದು ತಿಂಗಳಿಗೆ ಮತ್ತೊಂದು ಬಂತು. ವರ್ಷ ಪೂರ್ತಿ ಬಂದವು. ಆ ಇಲ್ಲದ ಮಗುವಿಗೆ ಯಾವಾಗ ಹಲ್ಲು ಬರುತ್ತದೆ, ಯಾವಾಗ ಕೂರುತ್ತದೆ ಎಂಬುದೆಲ್ಲ ನನಗೆ ಅಂಚೆಯಲ್ಲಿ ತಿಳಿಯಿತು.

ಎರಡು ಸಾವಿರದ ಎಂಟರ ಕೊನೆಗೆ ಮತ್ತೆ ಬಸಿರಾದೆ. ಅದೇ ತಿಂಗಳು ನನ್ನ ಗಂಡ ಮಾಧವನನ್ನು ಆಬರ್ನ್ ಹಿಲ್ಸ್‌ನ ಆಟೋ ಬಿಡಿಭಾಗಗಳ ಕಂಪನಿ ಮನೆಗೆ ಕಳಿಸಿತು. ಅವನ ವಿಭಾಗದಲ್ಲಿ ಕೊನೆಗೆ ಉಳಿದದ್ದು ಕಾಫಿ ಮೆಷೀನು ಮಾತ್ರ. ಶಾಮ್‌ಬರ್ಗ್‌ನಲ್ಲಿ ಆರು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿತು. ಭಾನುವಾರ ಊಟವಾದ ಮೇಲೆ ಮುನ್ನೂರು ಮೈಲಿ ಡ್ರೈವ್ ಮಾಡಿ ಹೋಗುತ್ತಿದ್ದ, ಶುಕ್ರವಾರ ಬರುತ್ತಿದ್ದ. ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಲ್ಲಿ ನಾನು ಒಬ್ಬಳೇ. ಕೂಟದ ಯಾರಿಗೂ ಹೇಳಲಿಲ್ಲ. ಮಿಶಿಗನ್ ಚಳಿಗಾಲದ ಕೋಟಿನ ಒಳಗೆ ಏನನ್ನು ಬೇಕಾದರೂ ಬಚ್ಚಿಡಬಹುದು.

ಜಯದೇವಿಗೆ ಮಾತ್ರ ಗೊತ್ತಿತ್ತು. ಫೆಬ್ರವರಿಯಲ್ಲಿ ಒಂದು ದಿನ, "ರಿಜಿಸ್ಟ್ರಿ ಎಲ್ಲಿ ಮಾಡ್ಸೂಣು?" ಅಂದಳು.

"ಮಾಡಿಸಲ್ಲ."

"ಕಾರ್ ಸೀಟ್ ಇಲ್ಲಂದ್ರ ಆಸ್ಪತ್ರ್ಯಾಗ ಕೂಸಿನ್ನ ಕೈಗೆ ಕೊಡಂಗಿಲ್ಲ. ನನ್ನ ಆಸ್ಪತ್ರಿ, ನನಗ ಗೊತ್ತೈತಿ."

"ಹುಟ್ಟೋಕೆ ಮುಂಚೆ ಮನೆಗೆ ಒಂದು ದಾರಾನೂ ತರಲ್ಲ."

"ತರಬಾರದು ಅಂತ ಐತಿ. ಪಟ್ಟಿ ಬರೀಬಾರದು ಅಂತ ಎಲ್ಲೈತಿ?"

"ನನ್ನ ಹೆಸರಿಗೆ ಆ ಡಬ್ಬ ಇನ್ನೊಂದ್ಸಲ ಬಂದ್ರೆ ನಾನು ಬದುಕಲ್ಲ," ಅಂದೆ. ಅತಿಶಯೋಕ್ತಿಯಾಗಿರಲಿಲ್ಲ.

ಅವಳು ಕಾರಿನ ಕೀ ಕೈಗೆತ್ತಿಕೊಂಡಳು. "ಹಂಗಾದ್ರ ಅಂಗಡಿ ನೋಡೂಣು ನಡಿ."

ಒಂದು ವಾರ ಅವಳ ಹಳೆಯ ಬ್ಯೂಕ್ ಕಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋದೆವು. ಜನ ಬೆಲೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ಜಯದೇವಿ ಕೌಂಟರುಗಳಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮಗು ಬರದಿದ್ದರೆ ನೀವೇನು ಮಾಡುತ್ತೀರಿ?

ಮಾಲಿನಲ್ಲಿದ್ದ ಹುಡುಗಿ ನಗುತ್ತಲೇ ಇದ್ದಳು. ಅವಳಿಗೆ ಕಲಿಸಿದ್ದ ವಾಕ್ಯಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇನ್ನೊಂದು ಕಡೆ ಮ್ಯಾನೇಜರ್ ಬಂದು, ಅಂಥದ್ದೆಲ್ಲ ಯೋಚಿಸಬಾರದು, ಒಳ್ಳೆಯದನ್ನೇ ಯೋಚಿಸಬೇಕು ಎಂದು ಬುದ್ಧಿ ಹೇಳಿದ. "ಒಳ್ಳೇದು ಯೋಚಿಸ್ಲಿಕ್ಕೆ ನಿನ್ನ ಅಂಗಡಿ ಯಾಕ ಬೇಕು," ಎಂದು ಜಯದೇವಿ ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಅಂದಳು. ಮೂರನೆಯದು ಬರ್ಮಿಂಗ್‌ಹ್ಯಾಮ್‌ನ ಚಿಕ್ಕ, ಬಲು ಸುಂದರ ಅಂಗಡಿ. ಅಲ್ಲಿನವಳು ಜಯದೇವಿಯ ಆಸ್ಪತ್ರೆ ಬೂಟುಗಳನ್ನು ನೋಡಿದಳು. ನಾವು ಕೇಳುವ ಗೋಜಿಗೇ ಹೋಗಲಿಲ್ಲ.

ಕೊನೆಗೆ ಲಿವೋನಿಯಾದಲ್ಲಿ, ಹಣೆಯ ಮೇಲಿನ ದೀಪದ ಅಕ್ಷರಗಳು ಅರ್ಧ ಆರಿಹೋಗಿದ್ದ ಒಂದು ಅಗ್ಗದ ಅಂಗಡಿ. ಪದ್ಮ ಅದರ ಪಾರ್ಕಿಂಗ್ ಲಾಟ್‌ನಲ್ಲಿ ಕಾರು ತಿರುಗಿಸುವುದಕ್ಕೂ ಒಪ್ಪುತ್ತಿರಲಿಲ್ಲ. ಕೌಂಟರಿನಲ್ಲಿ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಒಬ್ಬ ಮುದುಕಿ. ಪ್ರಶ್ನೆ ಕೇಳಿ ಪೆನ್ನು ಕೆಳಗಿಟ್ಟಳು. "ನನಗೊಂದು ಫೋನ್ ಮಾಡಿ. ನಾನೇ ಅಳಿಸುತ್ತೇನೆ. ಕಾಗದ ಬರುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ." ಆಮೇಲೆ ನನ್ನ ಕೋಟಿನ ಕಡೆ ಒಮ್ಮೆ ನೋಡಿ, "ಕೊಂಡ ಸಾಮಾನು ಹಿಂದಿನ ಕೋಣೆಯಲ್ಲಿ ಇರಲಿ. ನೀವು ಕೇಳುವವರೆಗೂ ಇರಲಿ" ಅಂದಳು.

"ತಾಯಿಯ ಹೆಸರು?" ಎಂದು ಕೇಳಿದಾಗ ನನ್ನ ಬಾಯಿ ತೆರೆಯಲಿಲ್ಲ. ಜಯದೇವಿ ಮುಂದೆ ಬಂದು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಸಿದಳು. ತನ್ನ ವಿಳಾಸ ಕೊಟ್ಟಳು. ಮುದುಕಿ ತಲೆಯೆತ್ತಲಿಲ್ಲ. ಹೊರಗೆ ಬಂದ ಮೇಲೆ ಜಯದೇವಿ, "ಡಬ್ಬಿ ಬಂದ್ರ ನನ್ನ ಮನಿಗೆ ಬರ್ಲಿ. ನಾ ಚಾದಾಗ ಹಾಕ್ಕೊಂಡು ಕುಡೀತೀನಿ" ಅಂದಳು.

ಅವಳ ಜೊತೆ ಕೆಲಸ ಮಾಡುವ ನರ್ಸುಗಳು ಆ ಪಟ್ಟಿಯಿಂದ ಒಂದೊಂದೇ ಕೊಂಡರು. ಯಾರಿಗೆಂದು ಅವರು ಕೇಳಲಿಲ್ಲ. ಕೇಳುವ ಜನ ಬೇರೆ ಇದ್ದರು. ನಮ್ಮ ಕೂಟದ ರೇಣುವಿನ ಗಂಡನಿಗೂ ಆ ಚಳಿಗಾಲದಲ್ಲಿ ಕೆಲಸ ಹೋಗಿತ್ತು. ಹಾಗಾಗಿ ಅವಳೂ ಯಾರಿಗೂ ಹೇಳದೆ ಲಿವೋನಿಯಾಕ್ಕೆ ಹೋಗುತ್ತಿದ್ದಳು. ಆಫೀಸಿನ ಯಾರದೋ ಪಟ್ಟಿ ಹುಡುಕಲು ಹೋಗಿ ಅಂಗಡಿಯ ಪರದೆಯ ಮೇಲೆ ಜಯದೇವಿಯ ಹೆಸರು ನೋಡಿದಳು, ಕೆಳಗೆ ಹೆರಿಗೆಯ ತಾರೀಖು. ತಾನು ಆ ಅಂಗಡಿಯಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಸಂಜೆಯೊಳಗೆ ಊರಿಗೆ ಹೇಳಿದಳು. ಇಬ್ಬರು ಪಿಎಚ್‌ಡಿಗಳು, ನಾಲ್ವರು ಡಾಕ್ಟರುಗಳು ಇರುವ ಕೂಟ ನಮ್ಮದು. ಐವತ್ತೊಂದು ವರ್ಷದ ವಿಧವೆ ಬಸಿರು ಎಂಬುದನ್ನು ಎಲ್ಲರೂ ನಂಬಿದರು.

ಯುಗಾದಿಯ ಊಟದಲ್ಲಿ ಪದ್ಮ ತಟ್ಟೆ ಹಿಡಿದು ಬಂದು ಎಲ್ಲರಿಗೂ ಕೇಳುವಂತೆ, "ಏನು ಜಯದೇವಿ, ಸಿಹಿ ಸುದ್ದಿ ಅಂತೆ?" ಅಂದರು.

"ಹೌದ್ರೀ. ನಿಮಗ ಹೋಳಿಗಿ ಸಿಕ್ತೋ ಇಲ್ಲೋ?"

"ತಮಾಷೆ ಬೇಡ. ರಿಜಿಸ್ಟ್ರಿ ಮಾಡ್ಸಿದೀರಂತಲ್ಲ. ಅದೂ ಆ ಅಂಗಡೀಲಿ."

"ಓಹೋ, ಬಸಿರಾದದ್ದಕ್ಕ ಸಿಟ್ಟಲ್ಲ, ಅಂಗಡೀ ಮ್ಯಾಲೆ ಸಿಟ್ಟು," ಅಂದಳು ಜಯದೇವಿ. "ಮುಂದಿನ ಸಲ ನಿಮ್ಮನ್ನ ಕೇಳಿ ಮಾಡಸ್ತೀನಿ."

ನಾನು ಎರಡು ಹೆಜ್ಜೆ ದೂರದಲ್ಲಿ, ಹೀಟರಿನ ಬಿಸಿಯಿದ್ದ ಸಭಾಂಗಣದಲ್ಲಿ ಕೋಟು ಹಾಕಿಕೊಂಡು ನಿಂತಿದ್ದೆ. ಆರನೇ ತಿಂಗಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಜಯದೇವಿ ನನ್ನ ಕಡೆ ನೋಡಿ, ಬೇಡ ಎಂಬಂತೆ ತಲೆಯಾಡಿಸಿದಳು. ನಾನು ಕೋಸಂಬರಿ ತಿಂದೆ.

ಎರಡು ವಾರಕ್ಕೆ ಕೂಟದ ಅಧ್ಯಕ್ಷರು, ಎಂದರೆ ಪದ್ಮ ಅವರ ಗಂಡ ಡಾಕ್ಟರ್ ಜಗನ್ನಾಥ, ಈಮೇಲ್ ಬರೆದರು: ಸದ್ಯದ ಸ್ಥಿತಿಯಲ್ಲಿ ಜಯದೇವಿಯವರಿಗೆ ವಿಶ್ರಾಂತಿ ಅಗತ್ಯ, ಶನಿವಾರದ ತರಗತಿಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಬೇರೆಯವರು ಯಾರೂ ನೋಡಿಕೊಳ್ಳಲಿಲ್ಲ. ತರಗತಿ ನಿಂತಿತು. ಈಗ ಆ ಕೋಣೆಯಲ್ಲಿ ಮಡಿಚಿದ ಕುರ್ಚಿಗಳಿವೆ.

ಜುಲೈನಲ್ಲಿ ಮಾನ್ಯಾ ಹುಟ್ಟಿದಳು. ಅತ್ತಳು. ಜಯದೇವಿ ಲಿವೋನಿಯಾಕ್ಕೆ ಫೋನ್ ಮಾಡಿ, ಕಾರ್ ಸೀಟನ್ನು ತಾನೇ ತಂದು, ಬೆಲ್ಟನ್ನು ಮೂರು ಸಲ ಎಳೆದು ನೋಡಿದಳು.

ಆಗಲಾದರೂ ಊರಿಗೆ ಅರ್ಥವಾಗಬೇಕಿತ್ತು. ಜಯದೇವಿಗೆ ಮಗುವಿಲ್ಲ, ನನಗೆ ಮಗುವಿದೆ, ತಾರೀಖು ಒಂದೇ. ಪಿಎಚ್‌ಡಿಗಳಿಗೆ ಅಷ್ಟು ಲೆಕ್ಕ ಬರಲಿಲ್ಲ. ಪಾಪ, ಮಕ್ಕಳಿಲ್ಲದ ಹೆಂಗಸಿಗೆ ಭ್ರಮೆ ಹಿಡಿದಿತ್ತು ಎಂದು ಹೊಸ ಕತೆ ಕಟ್ಟಿದರು. ಮೊದಲಿನದಕ್ಕಿಂತ ಇದು ಅವರಿಗೆ ರುಚಿಯಾಗಿತ್ತು, ಏಕೆಂದರೆ ಇದರಲ್ಲಿ ಅವರು ಕರುಣಾಳುಗಳು. "ಹೇಳಿಬಿಡ್ಲಾ?" ಎಂದು ಕೇಳಿದೆ. "ಏನ್ ಮಾಡ್ತಿ ಹೇಳಿ, ಕೂಸು ಸಣ್ಣದೈತಿ, ದೃಷ್ಟಿ ಯಾಕ," ಅಂದಳು. ಅವಳು ದೃಷ್ಟಿಯನ್ನು ನಂಬುವವಳಲ್ಲ. ನಂಬುವವಳು ನಾನು. ಅವಳು ಹಾಗೆ ಹೇಳಲಿ ಎಂದೇ ನಾನು ಕಾಯುತ್ತಿದ್ದೆ. ಪದ್ಮ ಅವರನ್ನು ಇಷ್ಟು ಹಳಿಯುವಾಗ ಇದನ್ನೂ ಬರೆಯದಿದ್ದರೆ ಆಗುವುದಿಲ್ಲ.

ಈ ಜನವರಿಯಲ್ಲಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಜಯದೇವಿ ಕುಸಿದಳು. ಅವಳು ಡ್ಯೂಟಿ ತಪ್ಪಿಸಿದ್ದು ಅದೇ ಮೊದಲು. ಆರ್ಚರ್ಡ್ ಲೇಕ್ ರಸ್ತೆಯ ಅವಳ ಅಪಾರ್ಟ್‌ಮೆಂಟ್ ಖಾಲಿ ಮಾಡಲು ಹೋದವಳು ಅಂಚೆ ಡಬ್ಬ ತೆರೆದೆ. ಲಿವೋನಿಯಾ ಅಂಗಡಿಯ ಒಂದು ಕಾರ್ಡ್ ಇತ್ತು: ಪ್ರಿಯ ಜಯದೇವಿ, ನಿಮ್ಮ ಮಗುವಿಗೆ ಹದಿನೆಂಟು ತಿಂಗಳು. ಒಳಗೆ ಬೂಟಿನ ಕೂಪನ್. ಇಂಥವು ಬಂದಾಗಲೆಲ್ಲ ಅವಳು, "ನನ್ನ ಕೂಸಿಗೆ ಕಾಗದ ಬಂದೈತಿ" ಎಂದು ತಂದು ಮಾನ್ಯಾಳ ಕೈಗೆ ಕೊಡುತ್ತಿದ್ದಳು. ಮಗಳು ಅದನ್ನು ಚೀಪುತ್ತಿದ್ದಳು.

ಮುದುಕಿ ಇನ್ನೂ ಅದೇ ಕೌಂಟರಿನಲ್ಲಿದ್ದಾಳೆ. ನಾನು ಹೋದೆ. ಅಳಿಸಬೇಕೇ ಎಂದು ಕೇಳಿದಳು. ಬೇಡ, ಹೆಸರು ಬದಲಾಯಿಸಬೇಕು ಅಂದೆ. ಈ ಸಲ ಬಾಯಿ ತೆರೆಯಿತು, ನಿಧಾನವಾಗಿ.

ಇದನ್ನು ಕೂಟದ ಯುಗಾದಿ ಸಂಚಿಕೆಗೆ ಕಳಿಸುತ್ತಿದ್ದೇನೆ. ಸಂಪಾದಕರು ಡಾಕ್ಟರ್ ಜಗನ್ನಾಥರೇ. ಪುಟ ಸಾಲದು ಎಂದು ಅವರು ಹೇಳಬಹುದು. ಹಾಗಾದರೆ ಇಷ್ಟನ್ನು ಮಾತ್ರ ಅಚ್ಚು ಮಾಡಲಿ: ಜಯದೇವಿಗೆ ಭ್ರಮೆ ಹಿಡಿದಿರಲಿಲ್ಲ. ಆ ಪಟ್ಟಿ ನನ್ನದು. ನನ್ನ ಹೆಸರು ವಿನಿತಾ.