ರತ್ನಕ್ಕನ ಕೈಯ ರುವಾಂಡಾ ಕಾಫಿ

ರತ್ನಾವತಿಯವರು ಕಾಫಿಯನ್ನು ಸೊರ್ರೆಂದು ಹೀರುವವರು. ಉಡುಪಿಯಲ್ಲಿ ಅಮ್ಮ ಬೈದರು, ಮದುವೆಯಾದ ಮೇಲೆ ಗಂಡ ಜಯರಾಜ್ ಬೈದರು, ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಜೊತೆಗಿದ್ದವರು ಬೈಯಲಾರದೆ ಬೇರೆ ಮೇಜು ನೋಡಿಕೊಂಡರು. ಸದ್ದು ಮಾತ್ರ ತಗ್ಗಲಿಲ್ಲ.

ನಿವೃತ್ತರಾದ ಮೂರೇ ತಿಂಗಳಲ್ಲಿ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಮುಗಿಸಿ, ಜಯರಾಜರ ಔಷಧಿ ಪೆಟ್ಟಿಗೆಗೆ ಕೈಹಾಕಿದರು. ಜಯರಾಜರೇ ಕೈಮುಗಿದು ಅವರನ್ನು ಶಶಿಧರನ ಬಳಿ ಕೆಲಸಕ್ಕೆ ಕಳಿಸಿದರು. ಬೆಂಗಳೂರಿನ ಶಶಿಧರ ಕಂಪ್ಯೂಟರ್ ಕೆಲಸ ಬಿಟ್ಟು ಓಕ್ಲ್ಯಾಂಡಿನಲ್ಲೇ ಕಾಫಿ ಹುರಿಯುತ್ತಿದ್ದ. ಆಫ್ರಿಕಾದ ಸಣ್ಣ ರೈತರಿಂದ ಬೀಜ ತರಿಸಿ, ಒಂದು ಬೆಟ್ಟದ ಬೀಜಕ್ಕೆ ಇನ್ನೊಂದು ಬೆಟ್ಟದ್ದು ಸೋಕದಂತೆ ಮಡಿ ಕಾಯುತ್ತಿದ್ದ.

ರತ್ನಾವತಿಯವರದು ಲೇಬಲ್ ಅಂಟಿಸುವ ಕೆಲಸ. ಎರಡನೆಯ ದಿನ ನೋಡುತ್ತಾರೆ, ಐದಾರು ಜನ ಮೇಜಿನ ಸುತ್ತ ಗಂಭೀರವಾಗಿ ನಿಂತು, ರುಚಿ ನೋಡಲು ಚಮಚದಿಂದ ಕಾಫಿಯನ್ನು ಸೊರ್ ಸೊರ್ ಎಂದು ಎಳೆಯುತ್ತಿದ್ದಾರೆ! ತಾವೂ ಚಮಚ ತೆಗೆದುಕೊಂಡರು. ಅವರ ಒಂದು ಎಳೆತಕ್ಕೆ ಉಳಿದವರ ಚಮಚ ಗಾಳಿಯಲ್ಲೇ ನಿಂತಿತು.

"ಹೇಗನ್ನಿಸ್ತು ರತ್ನಕ್ಕ, ಫ್ಲೇವರು?" ಎಂದ ಶಶಿಧರ.

"ಇದರಲ್ಲಿ ಹಣ್ಣಾಗಿ ಎರಡು ದಿನ ಆದ ಹಲಸಿನ ತೊಳೆ ಉಂಟು. ಆಚೆಯದ್ದರಲ್ಲಿ ಪುನರ್ಪುಳಿ ಹಣ್ಣಿನ ಹುಳಿ."

ಅಂದಿನಿಂದ ಅವರಿಗೆ ರುಚಿ ನೋಡುವ ಕೆಲಸ ಸಿಕ್ಕಿತು.

ಆ ಅಕ್ಟೋಬರಿನಲ್ಲಿ ರುವಾಂಡಾದಿಂದ ಡೊನಾಟೀಲ್ ಎಂಬ ರೈತ ಮಹಿಳೆ ಬಂದರು. ಬೆಟ್ಟದ ಇಳಿಜಾರಿನಲ್ಲಿ ಇನ್ನೂರು ಗಿಡ ಸಾಕಿದವರು. ಶಶಿಧರ ಮೂವತ್ತು ಜನರನ್ನು ಕರೆದು, ಡೊನಾಟೀಲರದೇ ಬೀಜದ ಕಪ್ಪು ಕಾಫಿಯನ್ನು ಗಾಜಿನ ಲೋಟದಲ್ಲಿ ಅವರ ಮುಂದಿಟ್ಟು, "ನಿಮ್ಮದೇ ಕಾಫಿ, ಹೇಗಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಡೊನಾಟೀಲ್ ಒಂದು ಗುಟುಕು ಕುಡಿದು, ಎಲ್ಲರ ಮುಖ ನೋಡಿ, "ಹುಳಿ" ಎಂದರು. ಮನೆಯಲ್ಲಿ ಅವರು ಕುಡಿಯುವುದು ಹಾಲು ಹಾಕಿದ ಟೀ ಅಂತೆ. ಕಾಫಿ ಹಣ್ಣನ್ನು ರೈತರ ಸಂಘಕ್ಕೆ ಕೊಟ್ಟ ಮೇಲೆ ಅದರ ರುಚಿ ನೋಡಿದವರೇ ಅಲ್ಲ.

ಶಶಿಧರನ ಮುಖ ಹುರಿಯದ ಬೀಜದ ಬಣ್ಣಕ್ಕೆ ತಿರುಗಿತು. ರತ್ನಾವತಿಯವರು ಡೊನಾಟೀಲರ ಕೈಹಿಡಿದು ಹಿಂದಿನ ಕೋಣೆಗೆ ಕರೆದೊಯ್ದರು. ತಮ್ಮ ಮಧ್ಯಾಹ್ನದ ಕಾಫಿಗೆಂದು ತಂದಿದ್ದ ಮನೆಯ ಹಿತ್ತಾಳೆ ಫಿಲ್ಟರಿಗೆ ಅದೇ ಬೀಜದ ಪುಡಿ ತುಂಬಿ, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಸಕ್ಕರೆ ಹಾಕಿದರು.

"ಅಯ್ಯೋ ರತ್ನಕ್ಕ, ಈ ಬೀಜಕ್ಕೆ ಸಕ್ಕರೆನಾ? ಹಾಲು ಬೇರೆ!" ಶಶಿಧರ ಬಾಗಿಲಲ್ಲಿ ನಿಂತು ನರಳಿದ.

"ಬೆಳೆದವರಿಗೆ ರುಚಿ ಆಗುವುದು ಬೇಡವಾ ಮಾರಾಯ? ನೀನು ಸ್ವಲ್ಪ ಆಚೆ ನಿಲ್ಲು."

ಡೊನಾಟೀಲ್ ಕುಡಿದರು. ಕುರ್ಚಿ ಎಳೆದುಕೊಂಡು ಕೂತರು. ಖಾಲಿ ಲೋಟ ಮುಂದೆ ಚಾಚಿದರು. ಎರಡನೆಯದು ಮುಗಿದ ಮೇಲೆ, "ಗಿಡ ನೆಟ್ಟದ್ದು ನನ್ನ ಅಮ್ಮ. ಅವಳೂ ಇದನ್ನು ಕುಡಿಯಲಿಲ್ಲ" ಎಂದರು. ರತ್ನಾವತಿಯವರು ಮೂರನೆಯ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಅಷ್ಟರಲ್ಲಿ ಪರಿಮಳ ಹಿಡಿದು ಅತಿಥಿಗಳೆಲ್ಲ ಬಾಗಿಲಿಗೆ ಸಾಲುಗಟ್ಟಿದ್ದರು. ಕೊನೆಯಲ್ಲಿ, ಯಾರೂ ನೋಡುತ್ತಿಲ್ಲವೆಂಬಂತೆ, ಶಶಿಧರನೂ ನಿಂತಿದ್ದ.

ಮರುದಿನ ಬೆಳಿಗ್ಗೆ ಜಯರಾಜ್ ಅಡುಗೆಮನೆಯೆಲ್ಲ ತಡಕಾಡಿದರು.

"ಫಿಲ್ಟರ್ ಎಲ್ಲಿ ಮಾರಾಯ್ತಿ?"

"ಡೊನಾಟೀಲರ ಸೂಟ್‌ಕೇಸಿನಲ್ಲಿ ಉಂಟು."

"ಅದು ನನ್ನ ಅಜ್ಜಿಯ ಕಾಲದ್ದು!"

"ಹೌದು, ಅದಕ್ಕೇ ಕೊಟ್ಟದ್ದು. ಹೊಸತರಲ್ಲಿ ಅಷ್ಟು ಚಂದ ಇಳಿಯುವುದಿಲ್ಲ. ನಿಮಗೆ ಟೀ ಇಡ್ಲಾ?"