ರಾಜ ಅಂದೇ ಸತ್ತಿದ್ದರೆ

ಗಂಡ ತೀರಿಕೊಂಡ ಐದನೇ ತಿಂಗಳಿಗೆ ಅವರ ಅಣ್ಣ, ನನ್ನ ಭಾವ, ಉಡುಪಿಯಿಂದ ಕ್ವಾಲಾಲಂಪುರಕ್ಕೆ ಬಂದರು. ನನ್ನನ್ನು ನೋಡುವುದಕ್ಕಲ್ಲ, ನನ್ನ ಮಗಳನ್ನು ಕರೆದೊಯ್ಯುವುದಕ್ಕೆ. ಮಣಿಪಾಲದಲ್ಲಿ ಶಾಲೆ ಗೊತ್ತುಮಾಡಿ, ಹಾಸ್ಟೆಲನ್ನೂ ನೋಡಿಟ್ಟಿದ್ದರು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ನಾನು ಇಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತೇನೆ. ಹೆಣಕ್ಕೂ ಹೆದರದವಳು ಎಂದು ಅತ್ತೆಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಆದರೆ ಆ ಐದು ತಿಂಗಳು ಯಾರು ಏನು ಹೇಳಿದರೂ "ಆಯ್ತು" ಅನ್ನುತ್ತಿದ್ದೆ.

ಶನಿವಾರ ಮಧ್ಯಾಹ್ನ ಬ್ರಿಕ್‌ಫೀಲ್ಡ್ಸಿನ ನಮ್ಮ ಫ್ಲಾಟಿನಲ್ಲಿ ಊಟ ಮುಗಿದಿತ್ತು. ಹದಿಮೂರು ವರ್ಷದ ಮಗಳು ಅದೇ ಮೇಜಿನ ಮೇಲೆ ಇತಿಹಾಸದ ಹೋಮ್‌ವರ್ಕ್ ಹರಡಿಕೊಂಡಳು.

"ಎಂತ ಬರೀತಿದ್ದಿ ಮಗಾ?" ಭಾವ ಕೇಳಿದರು.

ಅವಳು ಪ್ರಶ್ನೆ ಓದಿ ಹೇಳಿದಳು. ಆರು ಮದುವೆಯಾದ ಇಂಗ್ಲೆಂಡಿನ ಒಬ್ಬ ರಾಜ ಒಮ್ಮೆ ಕುದುರೆಯಿಂದ ಬಿದ್ದು ಬದುಕಿಕೊಂಡನಂತೆ. ಅಂದೇ ಸತ್ತಿದ್ದರೆ? ಪಟ್ಟಕ್ಕೆ ಬರಬೇಕಾದ ಮಗಳಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ರಾಜ್ಯ ಯಾರ ಕೈಗೆ ಹೋಗುತ್ತಿತ್ತು? ಶಾಲೆಯಲ್ಲಿ ಕೊಟ್ಟ ಪ್ರಶ್ನೆ ಅದು.

"ಮದರ್ ವಿಲ್ ರೂಲ್, ದೊಡ್ಡಪ್ಪ," ಅಂದಳು ಮಗಳು. "ಅಂಟಿಲ್ ಶಿ ಗ್ರೋಸ್ ಅಪ್."

ಭಾವ ನಕ್ಕರು. "ಅಷ್ಟು ದೊಡ್ಡ ರಾಜ್ಯ ಒಬ್ಬ ಹೆಂಗಸಿನ ಕೈಗೆ ಬಿಡ್ತಾರಾ? ಗಂಡಸರು ಕೂತು ತೀರ್ಮಾನ ಮಾಡ್ತಾರೆ. ಮಗುವನ್ನು ಅವರೇ ಇಟ್ಕೊಳ್ತಾರೆ. ಹಾಗೆ ಬರಿ."

ಅವಳು ನನ್ನ ಮುಖ ನೋಡಿದಳು. ಬರೆದ ಸಾಲನ್ನು ಹೊಡೆದುಹಾಕಲು ಅವಳು ಪೆನ್ನು ಎತ್ತಿದಾಗ ನನಗೆ ತಡೆದುಕೊಳ್ಳಲಾಗಲಿಲ್ಲ.

"ಹೊಡೀಬೇಡ," ಅಂದೆ. "ತಾಯಿ ಬದುಕಿದ್ದಾಳಲ್ಲ ಭಾವ. ಅವಳು ಯಾಕೆ ಮಗುವನ್ನು ಕೊಡ್ತಾಳೆ?"

"ಕಥೆ ಬಿಡು ಮಾರಾಯ್ತಿ. ಬುಧವಾರಕ್ಕೆ ಟಿಕೆಟ್ ಆಗಿದೆ."

"ಇವಳ ಪಾಸ್‌ಪೋರ್ಟ್ ನನ್ನ ಹತ್ರ ಉಂಟು. ಕೊಡುದಿಲ್ಲ."

"ಒಬ್ಬಳೇ ಎಂತ ಮಾಡ್ತಿ ಇಲ್ಲಿ?"

"ಕೆಲಸ ಮಾಡ್ತೇನೆ, ಇವಳನ್ನು ಓದಿಸ್ತೇನೆ. ನೀವು ಯಾವಾಗ ಬೇಕಾದ್ರೂ ಬನ್ನಿ, ಅಡುಗೆ ಮಾಡಿ ಬಡಿಸ್ತೇನೆ. ಕರ್ಕೊಂಡು ಹೋಗ್ಲಿಕ್ಕೆ ಮಾತ್ರ ಬರಬೇಡಿ."

ಮದುವೆಯಾದಂದಿನಿಂದ ಅವರೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. ಮಗಳು ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು, ಇನ್ನೂ ಎರಡು ಪುಟ.

ಆ ಉತ್ತರಕ್ಕೆ ಒಳ್ಳೆಯ ಅಂಕವೇನೂ ಬರಲಿಲ್ಲ. ಆಧಾರ ಸಾಲದು ಎಂದು ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು. ಮಗಳು ಅವರೊಂದಿಗೆ ಒಂದಿಡೀ ಪೀರಿಯಡ್ ವಾದ ಮಾಡಿ ಬಂದಳು.

ಬುಧವಾರ ಭಾವ ಒಬ್ಬರೇ ವಿಮಾನ ಹತ್ತಿದರು. ಎರಡು ವರ್ಷವಾಯಿತು. ಹಬ್ಬಕ್ಕೆ ಮಗಳಿಗೆ ಫೋನ್ ಮಾಡುತ್ತಾರೆ, ನನ್ನ ಹತ್ತಿರ ಮಾತಾಡುವುದಿಲ್ಲ. ಊರಲ್ಲಿ ನನ್ನನ್ನು ಹಠಮಾರಿ ಅನ್ನುತ್ತಾರಂತೆ. ಅನ್ನಲಿ. ಈ ರಜೆಗೆ ನಾವಿಬ್ಬರೂ ಉಡುಪಿಗೆ ಹೋಗುತ್ತಿದ್ದೇವೆ, ಭಾವನ ಮನೆಯಲ್ಲೇ ಇಳಿದುಕೊಳ್ಳುತ್ತೇವೆ.