ಕೆಂಪು ನೆಲದ ಮೇಲೆ ಸುಬ್ಬಮ್ಮನವರ ಹನ್ನೊಂದು ವರ್ಷ

ಹಾಡುಗಳಿಗೆ ಚಲಿಸುವ ಚಿತ್ರ ಕೂಡಿಸುವ ಕಸುಬಿನಲ್ಲಿ ಕಂಪ್ಯೂಟರ್ ಬಲ್ಲವರು ಹೆಬ್ಬಾಳದಿಂದ ಯಲಹಂಕದವರೆಗೆ ನೂರಾರು ಮಂದಿ ಇದ್ದಾರು. ಆದರೆ ಹಳೆಯ ಫೋಟೋ, ಸೀರೆಯ ಅಂಚು, ಲಗ್ನಪತ್ರಿಕೆಯ ಚೂರು, ಪೆನ್ಸಿಲ್ ಗೀಟುಗಳ ನಡುವೆ ರಂಗೋಲಿಯನ್ನೂ ಕುಣಿಸಬಲ್ಲವರು ಯಾರೆಂದು ಕೇಳಿದರೆ, ಹುಣಸಮಾರನಹಳ್ಳಿಯ ‘ಚಿಂದಿಚಿತ್ರ’ ಸ್ಟುಡಿಯೋದ ಕಡೆಗೆ, ಅಲ್ಲಿಯೂ ಶ್ರೀಮತಿ ಸುಬ್ಬಮ್ಮನವರ ಕಡೆಗೇ ಬೆರಳು ತೋರಿಸಬೇಕಾಗುತ್ತದೆ. ಎಪ್ಪತ್ತು ತುಂಬಿದ ಅವರು ಈಗ ನೆಲದ ಮೇಲಿನ ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ.

ಅವರು ಈ ಕಸುಬಿಗೆ ಬಂದದ್ದು, ನಿಜ ಹೇಳಬೇಕೆಂದರೆ, ಬೈಯಲು ಮೆಟ್ಟಿಲು ಹತ್ತಿ. ಮಗ ಗಿರಿ ತಮ್ಮ ಹೊಲವಿದ್ದಲ್ಲಿ ಎಬ್ಬಿಸಿದ ಕಟ್ಟಡದ ಮಹಡಿಗೆ ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯ ಯುವ ನಿರ್ದೇಶಕಿ ರಕ್ಷಾ ಬಾಡಿಗೆಗೆ ಬಂದಿದ್ದರು. ಕೆಂಪು ನೆಲದ ಮೇಲೆ ಅವರ ತಂಡ ರಂಗೋಲಿಪುಡಿ ಚೆಲ್ಲಾಡುವುದನ್ನು ಕಂಡ ಸುಬ್ಬಮ್ಮನವರು, “ಯಾರವ್ವ ನಿಮ್ಗೆ ಇಂಗೆ ಕಲ್ಸಿದ್ದು? ಇತ್ತ ಕೊಡಿ” ಎಂದು ಬಟ್ಟಲು ಕಿತ್ತುಕೊಂಡು ಕುಕ್ಕರಗಾಲಲ್ಲಿ ಕೂತರು, ಮತ್ತೆ ಏಳಲಿಲ್ಲ. ಊರಿನಲ್ಲಿ ಅಲ್ಲಿಯವರೆಗೆ ಗಿರಿಯ ತಾಯಿ, ಓನರ್ ಅವ್ವ ಎಂದಷ್ಟೇ ಕರೆಸಿಕೊಂಡಿದ್ದ ಅವರಿಗೆ, ಮಹಡಿಯ ಮೇಲೆ ಎಲ್ಲರೂ ‘ಸುಬ್ಬಮ್ಮನವರೇ’ ಎಂದು ಹೆಸರಿಟ್ಟು ಕರೆದದ್ದು ಬಲು ಹಿತವಾಯಿತು.

ಒಂದು ಚಿಟಿಕೆ ಎಳೆದು ಕೈ ತೆಗೆಯುವುದು, ಮೇಲಿನ ಕ್ಯಾಮೆರಾದಿಂದ ತಂಡದ ಛಾಯಾಗ್ರಾಹಕ ಪುನೀತ್ ಒಂದು ಫೋಟೋ ಹೊಡೆಯುವುದು, ಮತ್ತೊಂದು ಚಿಟಿಕೆ. ಇಂಥ ಹನ್ನೆರಡು ಫೋಟೋ ಸೇರಿದರೆ ಪರದೆಯ ಮೇಲೆ ಒಂದು ಸೆಕೆಂಡು. ಸ್ಟುಡಿಯೋದ ಮೊದಲ ಹಾಡಿಗಾಗಿ ಮೂರು ದಿನ ದುಡಿದು, ಸಂಜೆ ನವಿಲಿನ ಗರಿಯೊಂದನ್ನು ಅರ್ಧಕ್ಕೆ ನಿಲ್ಲಿಸಿ ಎಲ್ಲರೂ ಮನೆಗೆ ಹೋದರು. ಕೆಳಗೆ ದೇವರ ಮುಂದೆ ಕೂತ ಸುಬ್ಬಮ್ಮನವರಿಗೆ ಮಾತ್ರ ಸಮಾಧಾನವಿಲ್ಲ. ಕೀಲಿಕೈ ಹಿಡಿದು ಮೇಲೆ ಹೋದವರು ಎಳೆಯನ್ನು ಕೂಡಿಸಿದರು. ಕೈ ಸುಮ್ಮನಿರದೆ ತೆಳುವಾಗಿದ್ದ ಹಳೆಯ ಎಳೆಗಳನ್ನೂ ದಪ್ಪ ಮಾಡಿ ನೆಮ್ಮದಿಯಿಂದ ಮಲಗಿದರು.

ಬೆಳಿಗ್ಗೆ ಆ ಪರಿಪೂರ್ಣ ನವಿಲನ್ನು ಕಂಡು ರಕ್ಷಾ ತಲೆಯ ಮೇಲೆ ಕೈಹೊತ್ತರು. ಅಳಿಸಿದರೆ ನೆಲ ಮಸುಕು, ಬಿಟ್ಟರೆ ಹಿಂದಿನ ಚಿತ್ರಗಳಿಗೆ ಹೊಂದಿಕೆಯಿಲ್ಲ. ಹಾಡು ಒಪ್ಪಿಸಲು ಉಳಿದದ್ದು ಎರಡೇ ದಿನ. ಇನ್ನು ಮೇಲಕ್ಕೆ ಬರಬೇಡಿ ಎಂದಾರೆಂದು ಸುಬ್ಬಮ್ಮನವರಿಗೆ ಭಯವಿತ್ತು. ಆದರೂ ಮುಚ್ಚಿಡಲಿಲ್ಲ.

“ನಾನೇ ಕಣ್ರವ್ವ ಮುಗ್ಸಿದ್ದು. ದೀಪ ಅಚ್ಚೋ ಒತ್ನಲ್ಲಿ ಮನೇಲಿ ಎಳೆ ಬಾಯಿ ಬಿಟ್ಕೊಂಡಿದ್ರೆ ನಂಗೆ ಅನ್ನ ಇಳ್ಯಲ್ಲ.”

ಅದಕ್ಕೆ ರಕ್ಷಾ, “ಹಂಗಾದ್ರ ದಿನಾ ಸಂಜೀಕ ಎಳಿ ಮುಗಿಯೋ ಹಂಗ ಪ್ಲ್ಯಾನ್ ಮಾಡೋಣ್ರಿ. ಇವತ್ತು ಮೊದಲಿಂದ ಬಿಡ್ತೀರೇನು?” ಎಂದರು. ಸುಬ್ಬಮ್ಮನವರು ಸೆರಗು ಸಿಕ್ಕಿಸಿ ಕೂತವರು, ಮೂರು ದಿನದ ಕೆಲಸವನ್ನು ಎರಡೇ ದಿನದಲ್ಲಿ ಮುಗಿಸಿ ಎದ್ದರು. ಹಾಡು ಹೊತ್ತಿಗೆ ಸರಿಯಾಗಿ ಹೊರಬಂತು. ಅಂದಿನಿಂದ ಇಲ್ಲಿ ಎಳೆ ಕೂಡಿಸಿಯೇ ದಿನ ಮುಗಿಯುತ್ತದೆ. ಹೀಗಾಗಿ ಈ ನಮ್ಮ ಸ್ಟುಡಿಯೋದವರು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೆಂಬುದು ನಮ್ಮ ಕಸುಬಿನವರು ಇಂದಿಗೂ ನಂಬದ ಸಂಗತಿ!

ಆಮೇಲಿನ ವರ್ಷಗಳಲ್ಲಿ ಅವರು ಕುಣಿಸಿದ ನವಿಲು, ಬಳ್ಳಿ, ರೈಲುಗಳಿಗೆ ಲೆಕ್ಕವಿಲ್ಲ. ಕ್ಯಾಮೆರಾ ಬಿಟ್ಟು ಏಳಲಾಗದ ಪುನೀತರ ಬಾಯಿಗೆ ಮುದ್ದೆ ತುತ್ತಿಟ್ಟದ್ದು, ಪುಡಿಯ ದೂಳಿಗೆ ಕೆಮ್ಮಿದವರಿಗೆ ಮೆಣಸಿನ ಕಷಾಯ ಕುಡಿಸಿ ಕುಡಿದದ್ದನ್ನು ನಿಂತು ನೋಡಿದ್ದು, ಇವೆಲ್ಲ ಆ ಕೈಯ ಕೆಲಸಗಳೇ.

ಈ ವರ್ಷ ಮಂಡಿ ಕೈಕೊಟ್ಟಿತು. ನೆಲದ ಮೇಲೆ ಕೂರಬಾರದೆಂದು ವೈದ್ಯರು ಖಂಡಿತವಾಗಿ ಹೇಳಿದ್ದಾರೆ. “ಕೆಳೀಕೆ ಇಳುದ್ರೆ ಮತ್ತೆ ಓನರ್ ಅವ್ವ ಆಗೋಯ್ತೀನಲ್ಲವ್ವ” ಎಂದು ಅವರು ಕಣ್ಣೊರೆಸಿಕೊಂಡಾಗ ರಕ್ಷಾ ಮುಂದಿನ ಹಾಡಿಗೆ ದುಡಿಯುವವರ ಹೆಸರುಗಳಿದ್ದ ಹಾಳೆಯನ್ನು ಓದಲು ಕೊಟ್ಟರು. ‘ರಂಗೋಲಿ ನಿರ್ದೇಶನ: ಸುಬ್ಬಮ್ಮ’ ಎಂದಿತ್ತು. ಪಕ್ಕದಲ್ಲಿ ಒಂದು ಕುರ್ಚಿ. ಸುಬ್ಬಮ್ಮನವರು ಎರಡು ಸಲ ಓದಿ, ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ನೆಲದ ಮೇಲೆ ಬಟ್ಟಲು ಹಿಡಿದು ಕೂತಿದ್ದ ರಕ್ಷಾ ಅವರನ್ನೇ ಗದರಿದರು: “ಸೊಟ್ಟ ಐತೆ, ಅಳ್ಸು!”

ಭಗವಂತನು ಅವರಿಗೆ ದೀರ್ಘಾಯುಷ್ಯವನ್ನು ಕೊಡಲಿ. ಇನ್ನೂ ಬಹುಕಾಲ ನಾವು ಬಿಡಿಸುತ್ತಿರೋಣ, ಅವರು ಅಳಿಸುತ್ತಿರಲಿ.